ಬಟ್ಟೆಯ ಕಲೆ ಯಾರದೆಂದು ಕೇಳಬಾರದು

ಮಾರ್ಚ್ ೪, ಮಂಗಳವಾರ

ಇವತ್ತಿನ ಸಂಗತಿಯನ್ನು ಎಲ್ಲಾದರೂ ಹೊರಹಾಕದಿದ್ದರೆ ತಿಂದ ಅನ್ನ ಅರಗುವುದಿಲ್ಲ. ಯಾರ ಮುಂದೆಯೂ ಆಡುವ ಮಾತಲ್ಲ. ಅದಕ್ಕೇ ಈ ಡೈರಿ ತೆಗೆದು ಕೂತಿದ್ದೇನೆ.

ಬೆಳಗ್ಗೆ ನಮ್ಮ ಲಾಂಡ್ರಿ ತುಂಬ ಜನ. ಬ್ಯಾಂಡ್ ಮೇಷ್ಟ್ರು ತಮ್ಮ ಬಿಳಿ ಕೋಟಿಗಾಗಿ ಕಾದು ನಿಂತಿದ್ದರು. ಲಾಡ್ಜಿನವನು ಹಾಸುಬಟ್ಟೆಗಳ ಗಂಟು ಇಳಿಸುತ್ತಿದ್ದ. ಅದೇ ಹೊತ್ತಿಗೆ ಆರೋಗ್ಯ ಕೇಂದ್ರದ ನರ್ಸು ಬಂದಳು. ಮೊನ್ನೆ ಮೊನ್ನೆಯವರೆಗೂ ಶಾಲೆಯ ಸಮವಸ್ತ್ರ ಇಸ್ತ್ರಿಗೆ ತರುತ್ತಿದ್ದ ಹುಡುಗಿ. ಎರಡು ಪೊಟ್ಟಣ ಕೌಂಟರಿನ ಮೇಲಿಟ್ಟು, "ಅಜ್ಜಿ, ಒಂದು ನಿಮಗೆ, ಒಂದು ಪುಟ್ಟ ಮಾಮನಿಗೆ. ಐವತ್ತು ದಾಟಿದವರಿಗೆಲ್ಲ ಕೊಡ್ತಾ ಇದೀವಿ. ಮಲ ಪರೀಕ್ಷೆ. ಈ ಕಡ್ಡೀಲಿ ಒಂಚೂರು ತಗೊಂಡು ಕೊಳವೆ ಒಳಗೆ ಹಾಕಿ ಮುಚ್ಚಿ ತಂದುಕೊಡಿ" ಎಂದಳು. ಮೆಲ್ಲಗೆ ಹೇಳಿದಳೇ? ಬೀದಿಯ ಆ ತುದಿಗೆ ಕೇಳಬೇಕು, ಹಾಗೆ.

ಲಾಡ್ಜಿನವನು ಗಂಟಿನ ಹಿಂದೆ ಮುಖ ಬಚ್ಚಿಟ್ಟುಕೊಂಡು ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು.

"ನಿನಗ್ಯಾಕಮ್ಮ ಅದೆಲ್ಲ?" ಅಂದೆ.

"ದೊಡ್ಡ ಕರುಳಿನ ಕ್ಯಾನ್ಸರ್ ಏನಾದ್ರೂ ಶುರುವಾಗಿದ್ರೆ ಮೊದಲೇ ಸುಳಿವು ಸಿಗುತ್ತೆ ಅಜ್ಜಿ. ಕಣ್ಣಿಗೆ ಕಾಣದಷ್ಟು ರಕ್ತ ಇದ್ರೂ ಇದರಲ್ಲಿ ಗೊತ್ತಾಗುತ್ತೆ."

"ನಮಗೇನೂ ಆಗಿಲ್ಲ. ಗುಂಡುಕಲ್ಲಿನ ಹಾಗಿದೀವಿ."

"ಏನೂ ಆಗದೆ ಇರೋರಿಗೇ ಈ ಪರೀಕ್ಷೆ ಅಜ್ಜಿ."

"ಆರೋಗ್ಯವಾಗಿರೋರನ್ನ ಹುಡುಕಿಕೊಂಡು ಬಂದು ರೋಗಿ ಮಾಡೋದೇ ಈಗ ನಿಮ್ಮ ಕೆಲಸವೇ?"

ಅವಳು ಇನ್ನೂ ಏನೋ ಹೇಳುತ್ತಲೇ ಇದ್ದಳು, ಹೇಗೆ ಇಡಬೇಕು, ಯಾವಾಗ ತರಬೇಕು ಅಂತ. ನಾನು ಬೆನ್ನು ತಿರುಗಿಸಿ ಕೋಟಿನ ಗುಂಡಿ ನೋಡುತ್ತ ನಿಂತೆ. ಪುಟ್ಟ ಇಸ್ತ್ರಿ ಮೇಜಿನ ಹತ್ತಿರ ಬಿದ್ದು ಬಿದ್ದು ನಗುತ್ತಿದ್ದ. ಪುಟ್ಟ ಅಂದರೆ ನನ್ನ ತಮ್ಮ. ಐವತ್ತೆಂಟು ವರ್ಷ, ನರೆತ ಮೀಸೆ, ಆದರೂ ಊರಿಗೆಲ್ಲ ಪುಟ್ಟನೇ. ನನ್ನ ಯಜಮಾನರು ಹೋದ ಮೇಲೆ ಒಗೆತ ನನ್ನದು, ಇಸ್ತ್ರಿ ಅವನದು. ಮದುವೆ ಗಿದುವೆ ಆಗಲಿಲ್ಲ, ಇಸ್ತ್ರಿ ಪೆಟ್ಟಿಗೆಯನ್ನೇ ಕಟ್ಟಿಕೊಂಡ.

ನಮ್ಮ ಅಪ್ಪ ಈ ಅಂಗಡಿ ಹಾಕಿದಾಗ ಒಂದು ಮಾತು ಹೇಳಿದ್ದರು. ಗುಂಡಿ ಕಿತ್ತಿದ್ದರೆ ಕೇಳು, ಜೇಬಿನಲ್ಲಿ ಏನಾದರೂ ಇದ್ದರೆ ಕೇಳು, ಕಲೆ ಯಾರದು, ಹೇಗಾಯಿತು ಅಂತ ಮಾತ್ರ ಬಾಯಿ ತಪ್ಪಿಯೂ ಕೇಳಬೇಡ. ಊರಿನ ಎಷ್ಟು ಜನರ ಏನೇನು ಈ ಕೈಯಲ್ಲಿ ತೊಳೆದಿದ್ದೇನೆ! ಯಾರ ಮುಖವನ್ನಾದರೂ ತಲೆ ಎತ್ತಿ ನೋಡಿದ್ದೇನೆಯೇ? ಅಂಥ ನನ್ನ ಕೌಂಟರಿನ ಮೇಲೆ ಬಂದು ನನ್ನದನ್ನೇ ಕೇಳುತ್ತಾಳೆ. ಪೊಟ್ಟಣಗಳನ್ನು ಗಂಜಿಪುಡಿಯ ಡಬ್ಬಿಯ ಹಿಂದೆ ತಳ್ಳಿದ್ದೇನೆ. ಅಲ್ಲೇ ಬಿದ್ದಿರಲಿ.

ಮಾರ್ಚ್ ೭, ಶುಕ್ರವಾರ

ಈ ಬ್ಯಾಂಡ್ ಮೇಷ್ಟ್ರಿಗೆ ಕಹಳೆ ಊದಿ ಊದಿ ನಾಚಿಕೆಯೂ ಗಾಳಿಗೆ ಹಾರಿಹೋಗಿದೆ. ಇವತ್ತು ಬಂದವರು ಇಬ್ಬರು ಹೆಂಗಸರ ಮುಂದೆಯೇ ಶುರುಮಾಡಿದರು.

"ನೋಡೀಮ್ಮ, ಹೋದ ವರ್ಷ ನಂದೂ ಹೀಗೇ ಆಯ್ತು. ಕೊಳವೇಲಿ ರಕ್ತ ಇದೆ ಅಂದ್ರು. ಮಲಗಿಸಿ ಹಿಂದಿನಿಂದ ಕ್ಯಾಮೆರಾ ಬಿಟ್ರು. ಒಳಗೆ ಅಣಬೆ ಥರ ಎರಡು ಗಂಟು. ಅಲ್ಲೇ ಕಿತ್ತು ಬಿಸಾಕಿದ್ರು. ಬಿಟ್ಟಿದ್ರೆ ಅದೇ ಮುಂದೆ ಕ್ಯಾನ್ಸರ್ ಆಗಬಹುದಿತ್ತಂತೆ."

"ಮೇಷ್ಟ್ರೇ, ನಿಮ್ಮ ಪ್ಯಾಂಟ್ ರೆಡಿ ಇದೆ" ಅಂದೆ.

"ಟಿವೀಲಿ ನಂದೇ ಒಳಗು ನಾನೇ ನೋಡಿದೆ! ಗುಲಾಬಿ ಬಣ್ಣ. ಏನ್ ಚೆನ್ನಾಗಿತ್ತು ಅಂತೀರಿ!"

ಹೆಂಗಸರಿಬ್ಬರೂ ಚೀಟಿ ತೆಗೆದುಕೊಳ್ಳುವುದನ್ನೂ ಮರೆತು ಹೊರಟುಹೋದರು. ಪುಟ್ಟ "ಮೇಷ್ಟ್ರೇ, ಆ ಸಿನಿಮಾ ಮುಂದಿನ ವಾರ ಯಾವ ಟಾಕೀಸಲ್ಲಿ?" ಅಂತ ಕೇಳಿ ಅವರನ್ನು ಇನ್ನಷ್ಟು ಉಬ್ಬಿಸಿದ. ನಾನು ಪ್ಯಾಂಟನ್ನು ಕಾಗದದಲ್ಲಿ ಸುತ್ತಿ ಕೈಗೆ ತುರುಕಿ ಬಾಗಿಲು ತೋರಿಸಿದೆ.

ಮಾರ್ಚ್ ೧೫, ಶನಿವಾರ

ಮಗಳ ಕಾಟ ತಡೆಯಲಾಗಲಿಲ್ಲ. ಅವಳು ಸಿಟಿ ಬಸ್ಸು ಓಡಿಸುತ್ತಾಳೆ. ಬಸ್ಸಿನಲ್ಲಿ ಮಾತಾಡುವಂತಿಲ್ಲವಲ್ಲ, ಆ ಮಾತನ್ನೆಲ್ಲ ಕೂಡಿಟ್ಟುಕೊಂಡು ಬಂದು ನನ್ನ ಫೋನಿಗೆ ಸುರಿಯುತ್ತಾಳೆ. ನರ್ಸು ಅವಳಿಗೂ ಚಾಡಿ ಹೇಳಿದ್ದಾಳೆ.

"ಅಮ್ಮಾ, ಊರವರ ಕೊಳೆ ತೊಳೀತೀಯಾ, ನಿಂದು ಒಂಚೂರು ಕೊಳವೆಗೆ ಹಾಕೋಕೆ ಅದೇನು ಮಡಿ?"

"ಬಾಯಿ ಮುಚ್ಚು. ನಿನ್ನ ತೊಳೆದೂ ತೊಳೆದೂ ದೊಡ್ಡೋಳು ಮಾಡಿದ್ದು ನಾನೇ."

"ಅದಕ್ಕೇ ಹೇಳ್ತಿರೋದು. ಇನ್ನೂ ಸ್ವಲ್ಪ ವರ್ಷ ಇರು."

ಹಾಗೆ ಅಂದುಬಿಟ್ಟಳು. ಫೋನ್ ಇಟ್ಟು, ಗಂಜಿಪುಡಿಯ ಡಬ್ಬಿಯ ಹಿಂದಿನಿಂದ ಪೊಟ್ಟಣಗಳನ್ನು ಎಳೆದು ತೆಗೆದೆ.

ಕೊನೆಗೆ ಬುಧವಾರ ಮಾಡಿದ್ದಾಯಿತು. ಪುಟ್ಟ ಹಿಂದಿನ ಬಾಗಿಲಿನಿಂದ ಬಂದವನು ಕೊಳವೆಯನ್ನು ಎತ್ತಿ ಹಿಡಿದು, "ಅಕ್ಕಾ, ಗಿರಾಕಿ ಮಾಲು ಬಂದಿದೆ, ಗುರುತಿನ ಚೀಟಿ ಕಟ್ಟು" ಅಂದ. ಕೈಗೆ ಸಿಕ್ಕಿದ್ದ ಬ್ರಷ್ಷನ್ನು ಅವನ ಮೇಲೆ ಎಸೆದೆ.

ಕೊಡುವ ಸಾಮಾನು ಕೊಳಕಾಗಿ ಕೊಟ್ಟ ಹೆಸರು ನಮ್ಮ ಅಂಗಡಿಗಿಲ್ಲ. ಎರಡೂ ಕೊಳವೆಗಳ ಹೊರಮೈಯನ್ನು ಸೋಪು ಹಾಕಿ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದೆ. ಬಿಳಿ ಬಟ್ಟೆಯಲ್ಲಿ ಸುತ್ತಿದೆ. ಹಸಿ ಆರಲಿ ಅಂತ ಒಣಗಿಸುವ ಕೋಣೆಯಲ್ಲಿ, ಬಾಯ್ಲರ್ ಪೈಪಿನ ಮೇಲಿನ ಹಲಗೆಯಲ್ಲಿಟ್ಟೆ. ನಮ್ಮ ಮನೆಯಲ್ಲಿ ಅದಕ್ಕಿಂತ ಶುದ್ಧವಾದ ಜಾಗ ಇನ್ನೊಂದಿಲ್ಲ. ಲಾಡ್ಜಿನ ಗಂಟುಗಳ ಗಡಿಬಿಡಿ ಮುಗಿದ ಮೇಲೆ ಇವತ್ತು ತೆಗೆದುಕೊಂಡು ಹೋಗಿ ನರ್ಸಿನ ಮೇಜಿನ ಮೇಲಿಟ್ಟು ಬಂದೆ. ಬೇಕಾದರೆ ಅದರಲ್ಲಿ ಮುಖ ನೋಡಿಕೊಳ್ಳಲಿ, ಹಾಗೆ ಹೊಳೆಯುತ್ತಿತ್ತು.

ಮಾರ್ಚ್ ೨೯, ಶನಿವಾರ

ಏನೂ ಇಲ್ಲ! ಇಬ್ಬರಿಗೂ ಏನೂ ಇಲ್ಲ! ನರ್ಸೇ ಬಂದು ಹೇಳಿದಳು, ರಕ್ತದ ಸುಳಿವಿಲ್ಲ ಅಂತ. ನಾನು ಅಂದೇ ಹೇಳಿರಲಿಲ್ಲವೇ? ನಾಲ್ಕು ಜನರ ಮುಂದೆ ಮಾನ ಕಳೆದದ್ದಷ್ಟೇ ಲಾಭ. "ಸಂತೋಷ ಅಜ್ಜಿ" ಅಂತ ನಕ್ಕಳು. ನಾನು ನಗಲಿಲ್ಲ.

ಪುಟ್ಟ ಮಾತ್ರ ಹ್ಯಾಂಗರು ಹಿಡಿದು ಕುಣಿದ. ಆಮೇಲೆ ಸ್ಟೂಲು ಎಳೆದುಕೊಂಡು ಕೂತ. ಸುಸ್ತಂತೆ. ಕುಣಿಯುವ ವಯಸ್ಸೇ ಅದು?

ಏಪ್ರಿಲ್ ೯, ಬುಧವಾರ

ಪುಟ್ಟನ ಸೋಮಾರಿತನ ಹೆಚ್ಚಾಗಿದೆ. ಕೂತುಕೊಂಡು ಇಸ್ತ್ರಿ ಮಾಡುತ್ತಾನೆ. ಕೂತು ಮಾಡಿದರೆ ತೋಳಿನ ಮಡಿಕೆ ನೆಟ್ಟಗೆ ಬರುತ್ತದೆಯೇ? ಲಾಯರರ ಅಂಗಿ ಎರಡು ಸಲ ಮಾಡಿಸಿದೆ. ತಟ್ಟೆಯಲ್ಲಿ ಅರ್ಧ ಬಿಡುತ್ತಾನೆ. ಪ್ಯಾಂಟಿನ ಸೊಂಟ ಸಡಿಲವಾಗಿದೆ, ಹಿಡಿಸಬೇಕಂತೆ. ತಿನ್ನದೆ ಬಿಟ್ಟರೆ ಇನ್ನೇನು? ಬೈದೆ. ಬಾಯಿಬಡುಕ, ಬೈಸಿಕೊಂಡು ಸುಮ್ಮನಿದ್ದ.

ಏಪ್ರಿಲ್ ೧೫, ಮಂಗಳವಾರ

ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಒಗೆಯುವ ಮನೆಯಲ್ಲಿ ನೀರಿನ ಸದ್ದು. ಹೋಗಿ ನೋಡಿದರೆ ಪುಟ್ಟ. ಹುಟ್ಟಿದಾಗಿನಿಂದ ಒಂದು ಕರವಸ್ತ್ರ ಒಗೆದವನಲ್ಲ. ತೊಟ್ಟಿಯ ಮುಂದೆ ಬಗ್ಗಿ ತನ್ನ ಒಳಚಡ್ಡಿ ಉಜ್ಜುತ್ತಿದ್ದಾನೆ. ಹೊಗೆಯಾಡುವ ಬಿಸಿನೀರಿನಲ್ಲಿ!

"ಲೋ, ರಕ್ತಕ್ಕೆ ಬಿಸಿನೀರು ಹಾಕ್ತಾರೇನೋ! ಸುಟ್ಟು ಕೂತುಬಿಡುತ್ತೆ!" ಅಂತ ಕೂಗಿದೆ. ಕೂಗಿದ ಮೇಲೆ ನಾನು ಏನು ಅಂದೆ ಅಂತ ನನಗೇ ಕೇಳಿಸಿತು.

ಅವನು ತಿರುಗಿ ನೋಡಲಿಲ್ಲ. ಕಿವಿ ಕೆಂಪಾಗಿತ್ತು. ನಾನು ಕೈಯಿಂದ ಕಿತ್ತುಕೊಂಡು ತಣ್ಣೀರಿಗೆ ಉಪ್ಪು ಹಾಕಿ ಅದ್ದಿದೆ. "ಹೋಗು, ಇಸ್ತ್ರಿ ಕಾದಿದೆ" ಅಂದೆ. ಹೋದ.

ಕಲೆ ಬಿಡಲಿಲ್ಲ. ಕಂದು ಬಣ್ಣಕ್ಕೆ ತಿರುಗಿಬಿಟ್ಟಿತ್ತು. ಎಂಥ ದಡ್ಡ! ನನ್ನ ಕೈಗೆ ಕೊಟ್ಟಿದ್ದರೆ ಒಂದು ಗಳಿಗೆಯಲ್ಲಿ ಹೋಗುತ್ತಿತ್ತು.

ಮೂಲವ್ಯಾಧಿ ಇರಬೇಕು. ನಿಂತು ಕೆಲಸ ಮಾಡುವವರಿಗೆ ಬರುತ್ತದಂತೆ. ಪರೀಕ್ಷೆಯಲ್ಲಿ ಏನೂ ಇಲ್ಲ ಅಂದಿದ್ದಾರಲ್ಲ.

ಏಪ್ರಿಲ್ ೧೬, ಬುಧವಾರ

ಏನೂ ಇಲ್ಲ ಅಂದಿದ್ದಾರೆ.

ಏಪ್ರಿಲ್ ೧೭, ಗುರುವಾರ

ಕೋಪ ತಡೆಯದೆ ಆರೋಗ್ಯ ಕೇಂದ್ರಕ್ಕೇ ಹೋದೆ. ಪುಟ್ಟ ಲಾಡ್ಜಿಗೆ ಗಂಟು ಕೊಡಲು ಹೋಗಿದ್ದಾಗ ಅಂಗಡಿ ಬಾಗಿಲಿಗೆ ಬೀಗ ಹಾಕಿ ಹೋದೆ. ಕೆಲಸದ ದಿನ ಹಾಗೆ ಮಾಡಿದ್ದು ಯಜಮಾನರು ಹೋದ ದಿನ ಬಿಟ್ಟರೆ ಇವತ್ತೇ. ಸಾಲಿನಲ್ಲಿ ನಿಂತವರನ್ನೆಲ್ಲ ದಾಟಿ ನರ್ಸಿನ ಮುಂದೆ ನಿಂತೆ.

"ಏನೂ ಇಲ್ಲ ಅಂದ್ಯಲ್ಲ, ರಕ್ತ ಹೋಗ್ತಾ ಇದೆ ಅವನಿಗೆ. ಇದೇನಾ ನಿಮ್ಮ ಪರೀಕ್ಷೆ?"

ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ತಿರುಗಲಿ. ನರ್ಸು ಕುರ್ಚಿ ಎಳೆದು ಕೂರಿಸಿದಳು. ಎಷ್ಟು ದಿನದಿಂದ, ಎಷ್ಟು, ಹೊಟ್ಟೆ ನೋವಿದೆಯೇ, ತೂಕ ಇಳಿದಿದೆಯೇ ಅಂತೆಲ್ಲ ಕೇಳಿದಳು. ಪ್ಯಾಂಟಿನ ಸೊಂಟ ಸಡಿಲವಾದದ್ದು ಹೇಳಿದೆ. ಆಮೇಲೆ ಕೇಳಿದಳು, "ಅಜ್ಜಿ, ಆವತ್ತು ಕೊಳವೆಗಳನ್ನ ತರೋವರೆಗೆ ಎಲ್ಲಿಟ್ಟಿದ್ರಿ?"

"ಒಣಗಿಸೋ ಕೋಣೇಲಿ. ಪೈಪಿನ ಮೇಲೆ. ತೊಳೆದು, ಬಟ್ಟೇಲಿ ಸುತ್ತಿ."

ಅವಳು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು.

"ಅಜ್ಜಿ, ಬಿಸಿಗೆ ರಕ್ತ ಕೆಟ್ಟುಹೋಗುತ್ತೆ. ಇದ್ರೂ ಇಲ್ಲ ಅಂತಲೇ ಬರಬಹುದು."

ನನಗೆ! ನನಗೆ ಹೇಳುತ್ತಾಳೆ, ಬಿಸಿಗೂ ರಕ್ತಕ್ಕೂ ಆಗಿಬರುವುದಿಲ್ಲ ಅಂತ! ಈ ಮಾತನ್ನು ದಿನ ಬೆಳಗಾದರೆ ಊರಿಗೆಲ್ಲ ಹೇಳುವವಳು ನಾನು.

"ಮೊದಲೇ ಬಾಯಿಬಿಟ್ಟು ಹೇಳೋಕೆ ನಿಂಗೇನಾಗಿತ್ತು?" ಅಂದೆ.

"ಹೇಳ್ತಾ ಇದ್ದೆ ಅಜ್ಜಿ. ನೀವು ಆ ಕಡೆ ತಿರುಗಿದ್ರಿ. ಪೊಟ್ಟಣದ ಮೇಲೂ ಬರೆದಿದೆ."

ಬರೆದಿದ್ದಾರೆ, ಇರುವೆ ಸಾಲಿನ ಹಾಗೆ. ಓದುವವರು ಇರುವೆಗಳೇ ಇರಬೇಕು. ಹಾಗಂತ ಜೋರಾಗಿಯೇ ಹೇಳಿದೆ. ಅವಳು ಬೈಸಿಕೊಂಡಳು. ಬೈಸಿಕೊಂಡು, ಫೋನೆತ್ತಿ ದೊಡ್ಡಾಸ್ಪತ್ರೆಯ ಡಾಕ್ಟರ ಹತ್ತಿರ ಮಾತಾಡಿ ಪುಟ್ಟನಿಗೆ ಹೊತ್ತು ಗೊತ್ತುಮಾಡಿದಳು. "ಕಣ್ಣಿಗೇ ರಕ್ತ ಕಂಡಮೇಲೆ ಅವರಿಗೆ ಈ ಕೊಳವೆ ಬೇಡ. ನೇರ ಕ್ಯಾಮೆರಾನೇ. ನಿಮಗೆ ಮಾತ್ರ ಹೊಸದು ಕೊಡ್ತೀನಿ" ಅಂದಳು.

ಮೂಲವ್ಯಾಧಿಯೇ ಇರಬಹುದಲ್ಲವೇ ಅಂತ ಕೇಳಿದೆ. ಇರಬಹುದು ಅಂದಳು. ಇರಬಹುದು ಅನ್ನುವಾಗ ನನ್ನ ಕೈ ಹಿಡಿದುಕೊಂಡಿದ್ದಳು. ಅದು ನನಗೆ ಸರಿಬರಲಿಲ್ಲ.

ಏಪ್ರಿಲ್ ೧೮, ಶುಕ್ರವಾರ

ಪುಟ್ಟ ದೊಡ್ಡಾಸ್ಪತ್ರೆಗೆ ಬರುವುದಿಲ್ಲವಂತೆ.

ಕೌಂಟರಿನ ಈಚೆ ನಾನು, ಇಸ್ತ್ರಿ ಮೇಜಿನ ಆಚೆ ಅವನು. ನಡುವೆ ಲಾಡ್ಜಿನ ದಿಂಬಿನ ಚೀಲಗಳ ರಾಶಿ.

"ಎಷ್ಟು ದಿನದಿಂದಲೋ?"

"ಏನು ಎಷ್ಟು ದಿನದಿಂದ?"

"ರಕ್ತ."

"ಅಕ್ಕಾ, ಕಲೆ ಬಗ್ಗೆ ಕೇಳೋ ಹಾಗಿಲ್ಲ ಅಂತ ನೀನೇ ಅಲ್ವಾ ಹೇಳ್ತಿದ್ದಿದ್ದು?"

"ಗಿರಾಕಿಗೆ ಕಣೋ! ನೀನು ಗಿರಾಕಿಯೇನೋ? ನಿನ್ನ ಗುರುತಿನ ಚೀಟಿ ತೋರಿಸು, ನೋಡೋಣ."

ನಗುತ್ತಾನೆ ಅಂದುಕೊಂಡೆ. ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ, "ಚಳಿಗಾಲದಿಂದ" ಅಂದ. "ಆಗೊಮ್ಮೆ ಈಗೊಮ್ಮೆ. ಕೊಳವೇಲಿ ಏನೂ ಇಲ್ಲ ಅಂತ ಬಂತಲ್ಲ, ಸದ್ಯ ಬದುಕಿದೆ ಅಂದುಕೊಂಡೆ. ಆವತ್ತು ಯಾಕೆ ಕುಣಿದೆ ಅಂದ್ಕೊಂಡೆ ಮತ್ತೆ?"

ಚಳಿಗಾಲದಿಂದ! ಒಂದೇ ಮನೆ, ಒಂದೇ ಬಾಗಿಲು, ಎದುರು ಬದುರು ಕೂತು ಉಣ್ಣುತ್ತೇವೆ. ನಾನು ಬಾಯಿಗೆ ಬಂದ ಹಾಗೆ ಬೈದೆ. ಅವನೂ ಬೈದ. ನಮ್ಮ ಕೊಳವೆಗಳನ್ನು ಪೈಪಿನ ಮೇಲಿಟ್ಟು ಬೇಯಿಸಿದ್ದು ಯಾರು ಅಂದ. ಆ ಮಾತು ನರ್ಸು ಅವನಿಗೆ ಹೇಳಿದ್ದಲ್ಲ, ನಾನೇ ಹೇಳಿದ್ದು, ನಿನ್ನೆ ಮನೆಗೆ ಬಂದ ಕೂಡಲೇ. ದಿಂಬಿನ ಚೀಲ ಎಸೆದೆ. ಅವನು ಹಿಡಿದುಕೊಂಡು ಮಡಿಸಿಟ್ಟ. ಅಭ್ಯಾಸ ನೋಡಿ, ಜಗಳದ ನಡುವೆಯೂ ಮೂಲೆಗೆ ಮೂಲೆ ಸರಿಹೊಂದಿಸಿ ಮಡಿಸಿದ.

"ಹೋಗೋದಾದ್ರೆ ನೀನೂ ಬರಬೇಕು" ಅಂದ ಕೊನೆಗೆ.

"ಇನ್ಯಾರು ಬರ್ತಾರೆ, ಬ್ಯಾಂಡ್ ಸೆಟ್ಟಾ?" ಅಂದೆ.

ಏಪ್ರಿಲ್ ೨೨, ಮಂಗಳವಾರ

ದೊಡ್ಡಾಸ್ಪತ್ರೆಯ ಡಾಕ್ಟರು ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು. "ಮನೇಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಇತ್ತಾ? ತಂದೆ, ತಾಯಿ?" ಅಂತ ಕೇಳಿದರು.

ಪುಟ್ಟ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅಪ್ಪ ಹೋದದ್ದು ಹೊಟ್ಟೆನೋವಿನಿಂದ. ಹಾಗಂತ ಹೇಳಿದ್ದರು. ಅಮ್ಮ ಅವರ ಹಾಸುಬಟ್ಟೆಗಳನ್ನು ನಾವು ಏಳುವ ಮೊದಲೇ ಬೇರೆಯಾಗಿ ಒಗೆದು ಹರವಿಬಿಡುತ್ತಿದ್ದಳು. ನಾನು ಆಗ ಲಂಗದ ಹುಡುಗಿ. ಅಮ್ಮ ನಮಗೆ ಹೇಳಲಿಲ್ಲ, ಅಪ್ಪ ಅಮ್ಮನಿಗೆ ಹೇಳಿದರೋ ಇಲ್ಲವೋ, ಡಾಕ್ಟರು ಇಬ್ಬರಿಗೂ ಹೇಳಿದರೋ ಇಲ್ಲವೋ. ಮನೆಮಂದಿಯೆಲ್ಲ ಸೇರಿ ಒಂದು ಬಟ್ಟೆಯನ್ನು ಬೆಳ್ಳಗೆ ಮಾಡಿದೆವು.

"ಗೊತ್ತಿಲ್ಲ" ಅಂದೆ. ಗೊತ್ತಿಲ್ಲ ಅನ್ನಲು ಎಷ್ಟು ಅವಮಾನವಾಯಿತೆಂದರೆ ಡಾಕ್ಟರ ಮೇಲೇ ಸಿಟ್ಟು ಬಂತು. ಕಲೆ ಯಾರದೆಂದು ಕೇಳಬೇಡ ಅಂದ ಅಪ್ಪನ ಮೇಲೂ ಬಂತು. ಸತ್ತವರ ಮೇಲೆ ಸಿಟ್ಟು ಮಾಡಬಾರದು. ಬಂದದ್ದಂತೂ ನಿಜ.

ಏಪ್ರಿಲ್ ೨೫, ಶುಕ್ರವಾರ

ನಾಳೆ ಕ್ಯಾಮೆರಾ. ಹೊಟ್ಟೆ ಖಾಲಿ ಮಾಡಲು ಪುಡಿ ಕೊಟ್ಟಿದ್ದಾರೆ. ನೀರಿನಲ್ಲಿ ಕಲಸಿ ಲೋಟದ ಮೇಲೆ ಲೋಟ ಕುಡಿಯಬೇಕು. ಪುಟ್ಟ ಕುಡಿಯುತ್ತಾನೆ, ಓಡುತ್ತಾನೆ, ಬರುತ್ತಾನೆ, ಕುಡಿಯುತ್ತಾನೆ. "ಅಕ್ಕಾ, ನನ್ನನ್ನ ಒಗೆಯೋ ಮೆಷಿನ್ನಿನ ಡ್ರಮ್ಮಿಗೆ ಹಾಕಿ ತಿರುಗಿಸಿದ ಹಾಗಿದೆ" ಅಂದ.

ಬ್ಯಾಂಡ್ ಮೇಷ್ಟ್ರು ಬಾಗಿಲಲ್ಲಿ ನಿಂತು ಸಲಹೆ ಕೊಡುತ್ತಿದ್ದರು. ಪುಡಿಗೆ ನಿಂಬೆರಸ ಹಿಂಡಿದರೆ ಗಂಟಲಲ್ಲಿ ಇಳಿಯುತ್ತದೆ ಅಂತ. ಒಳ್ಳೆಯ ಮನುಷ್ಯರು. ಮಧ್ಯೆ ಲಾಯರ ಹೆಂಡತಿ ಬಂದು, "ಪುಟ್ಟ ಎಲ್ಲಿ?" ಅಂದರು.

"ಕಕ್ಕಸಿನಲ್ಲಿ. ನಾಳೆ ಅವನ ಕರುಳಿಗೆ ಕ್ಯಾಮೆರಾ ಬಿಡ್ತಾರೆ" ಅಂದೆ.

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಏನು ಜನವೋ! ಕೇಳಿದ್ದಕ್ಕೆ ಹೇಳಿದರೂ ತಪ್ಪು.

ಏಪ್ರಿಲ್ ೨೬, ಶನಿವಾರ

ಮೊದಲು ಆ ಆಸ್ಪತ್ರೆಯ ಅಂಗಿಯ ಬಗ್ಗೆ ಬರೆಯುತ್ತೇನೆ. ಮುದ್ದೆ ಮಾಡಿ ಹಿಂಡಿ ಹಾಗೇ ಒಣಗಿಸಿದ್ದಾರೆ. ಇಸ್ತ್ರಿ ಕಂಡದ್ದೇ ಇಲ್ಲ. ಹಿಂದೆ ಕಟ್ಟುವ ಲಾಡಿಗಳಲ್ಲಿ ಒಂದು ಕಿತ್ತುಹೋಗಿದೆ. ಅರವತ್ತರ ಹತ್ತಿರ ಬಂದ ಗಂಡಸು ಬೆನ್ನು ಬಿಟ್ಟುಕೊಂಡು ಎಲ್ಲರ ಮುಂದೆ ನಡೆದುಹೋಗಬೇಕಂತೆ. ನಾನು ಆಯಾಳನ್ನು ತಡೆದು ನಿಲ್ಲಿಸಿದೆ. "ಇವನು ಜೀವಮಾನವೆಲ್ಲ ಊರಿಗೆ ಇಸ್ತ್ರಿ ಮಾಡಿದೋನು, ಇಂಥದ್ದು ಹಾಕ್ಕೊಂಡು ಒಳಗೆ ಹೋಗಲ್ಲ" ಅಂದೆ. ಇನ್ನೊಂದು ತಂದುಕೊಟ್ಟರು. ಅದೂ ಅಷ್ಟಕ್ಕಷ್ಟೇ. ಆದರೆ ಲಾಡಿಗಳಿದ್ದವು. ನಾನೇ ಕಟ್ಟಿದೆ.

ಕಟ್ಟುವಾಗ ಬೆನ್ನೆಲುಬು ಒಂದೊಂದೂ ಎಣಿಸುವ ಹಾಗಿತ್ತು.

ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಡಾಕ್ಟರು ಬಂದು ಪಕ್ಕದಲ್ಲೇ ಕೂತರು. ನಿಂತು ಹೇಳುವ ಸುದ್ದಿಯಾಗಿದ್ದರೆ ನಿಂತೇ ಹೇಳುತ್ತಿದ್ದರು. ಕರುಳಿನ ಕೊನೆಯ ಭಾಗದಲ್ಲಿ ಒಂದು ಗೆಡ್ಡೆ ಇದೆ. ಅಣಬೆಯಂತೆ ಕಿತ್ತುಹಾಕುವಂಥದ್ದಲ್ಲ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ.

ಪುಟ್ಟನಿಗೆ ಮಂಪರು ಇನ್ನೂ ಇಳಿದಿರಲಿಲ್ಲ. "ಸಿನಿಮಾ ಚೆನ್ನಾಗಿತ್ತಾ ಅಕ್ಕಾ?" ಅಂದ.

ಮೇ ೬, ಮಂಗಳವಾರ

ಕ್ಯಾನ್ಸರ್.

ಬರೆದೆ. ಬರೆದರೆ ಏನೂ ಆಗುವುದಿಲ್ಲ. ಈ ಅಕ್ಷರಗಳಿಗೇ ಹೆದರಿ ಅಮ್ಮ ಕತ್ತಲಲ್ಲಿ ಒಗೆದಳು.

ಮೇ ೮, ಗುರುವಾರ

ಆಪರೇಷನ್ ಮಾಡಿ ಆ ಭಾಗವನ್ನು ಕತ್ತರಿಸಿ, ಎರಡು ತುದಿಗಳನ್ನು ಸೇರಿಸಿ ಹೊಲಿಯುತ್ತಾರೆ. ಬೇರೆಲ್ಲೂ ಹರಡಿದ ಹಾಗೆ ಕಾಣುತ್ತಿಲ್ಲವಂತೆ. ನಾನು ಡಾಕ್ಟರರನ್ನು ನೇರವಾಗಿ ಕೇಳಿದೆ.

"ಮಾರ್ಚಿನಲ್ಲೇ ಗೊತ್ತಾಗಿದ್ರೆ?"

"ಇದು ವರ್ಷಗಟ್ಟಲೆ ಬೆಳೆದದ್ದಮ್ಮ. ಕೆಲವು ವಾರಗಳಿಂದ ಎಷ್ಟು ವ್ಯತ್ಯಾಸ ಆಯ್ತು ಅಂತ ಹೇಳೋಕಾಗಲ್ಲ."

"ಆಗಲ್ಲ ಅಂದ್ರೆ? ಆಯ್ತು ಅಂತಲೋ ಆಗಿಲ್ಲ ಅಂತಲೋ?"

"ಹೇಳೋಕಾಗಲ್ಲ ಅಂತ."

ಇಷ್ಟು ಓದಿದವರು, ಒಂದು ನೆಟ್ಟಗಿನ ಉತ್ತರ ಕೊಡುವುದಿಲ್ಲ. ಅಂಗಡಿಗೆ ಬಂದವಳೇ ಪೈಪಿನ ಮೇಲಿನ ಆ ಹಲಗೆಯನ್ನು ಸುತ್ತಿಗೆ ತೆಗೆದುಕೊಂಡು ಕಿತ್ತುಹಾಕಿದೆ. ಅದು ಬಹಳ ದಿನದಿಂದ ಅಲುಗಾಡುತ್ತಿತ್ತು.

ಮೇ ೨೦, ಮಂಗಳವಾರ

ಆಪರೇಷನ್ ಆಯಿತು. ಕಣ್ಣು ಬಿಟ್ಟ. ಮೊದಲ ಮಾತು, "ಅಕ್ಕಾ, ಈ ಹಾಸುಬಟ್ಟೇಲಿ ಸೋಪು ಉಳಿದಿದೆ, ಮೈ ಕಡೀತಿದೆ."

ಉಳಿದಿತ್ತು. ಮೂಸಿ ನೋಡಿದೆ. ಸರಿಯಾಗಿ ಜಾಲಿಸಿಲ್ಲ. ಮಗಳು ಬಸ್ಸು ಡಿಪೋದಲ್ಲಿ ಬಿಟ್ಟು ನೇರ ಬಂದಿದ್ದಳು, ಖಾಕಿಯಲ್ಲೇ. "ಅಮ್ಮಾ, ಇಲ್ಲೂ ಶುರುಮಾಡಬೇಡ" ಅಂದಳು. ಶುರುಮಾಡಿದೆ. ನಾಳೆಯಿಂದ ಮನೆಯ ಹಾಸುಬಟ್ಟೆ ತರಲು ಒಪ್ಪಿದ್ದಾರೆ.

ಮೇ ೩೦, ಶುಕ್ರವಾರ

ಪುಟ್ಟ ಮನೆಗೆ ಬಂದ. ಕತ್ತರಿಸಿ ತೆಗೆದ ತುಂಡಿನ ಅಂಚು ಚೊಕ್ಕಟವಾಗಿದೆಯಂತೆ. ಪಕ್ಕದ ಗ್ರಂಥಿಗಳಲ್ಲಿ ಒಂದಕ್ಕೆ ಮಾತ್ರ ತಗುಲಿದೆ. ಅದಕ್ಕಾಗಿ ಕೆಲವು ತಿಂಗಳು ಔಷಧಿ ಏರಿಸಬೇಕು. ಗುಣವಾಗುತ್ತದೆಯೇ ಅಂದರೆ "ಒಳ್ಳೆ ಅವಕಾಶ ಇದೆ" ಅನ್ನುತ್ತಾರೆ. ಮತ್ತೆ ಅದೇ, ನೆಟ್ಟಗಿನ ಮಾತಿಲ್ಲ.

"ಒಂದೇ ಒಂದು ಗ್ರಂಥಿ ಅಕ್ಕಾ" ಅಂದ ಪುಟ್ಟ.

ಒಂದೇ ಒಂದು. ಆ ಒಂದಕ್ಕೆ ಅದು ತಗುಲಿದ್ದು ಯಾವ ತಿಂಗಳಲ್ಲಿ ಅಂತ ಯಾರಾದರೂ ಹೇಳಬಾರದೇ?

ಜೂನ್ ೧೧, ಬುಧವಾರ

ನನ್ನ ಹೊಸ ಕೊಳವೆ ಕೊಟ್ಟು ಬಂದೆ. ಈ ಸಲ ಫ್ರಿಜ್ಜಿನ ಬಾಗಿಲಲ್ಲಿ, ಮುಚ್ಚಿದ ಡಬ್ಬಿಯೊಳಗೆ ಇಟ್ಟು ಮಾರನೇ ಬೆಳಗ್ಗೆಯೇ ಒಯ್ದೆ. ಪುಟ್ಟನನ್ನು ನೋಡಲು ಬಂದಿದ್ದ ಮಗಳು ಹಾಲು ತೆಗೆಯಲು ಹೋಗಿ ಕಿರುಚಿಕೊಂಡಳು. "ನನಗೆ ಬುದ್ಧಿ ಹೇಳಿದೋಳು ನೀನೇ, ಈಗ ಮೂಗು ಮುಚ್ಚಿಕೊಳ್ತೀಯಾ?" ಅಂದೆ. ಸೋದರಮಾವನಿಗೆ ಬಂದಿರುವುದರಿಂದ ಅವಳ ವಿಷಯವೂ ಡಾಕ್ಟರ ಹತ್ತಿರ ಕೇಳಬೇಕಂತೆ. ಹೋಗದೆ ಇರಲಿ, ಅವಳ ಬಸ್ಸಿಗೇ ಹತ್ತಿ, ಎಲ್ಲರ ಮುಂದೆ ಕೇಳುತ್ತೇನೆ.

ನರ್ಸು ಹತ್ತು ಪೊಟ್ಟಣ ಕೌಂಟರಿನಲ್ಲಿಟ್ಟು ಹೋಗಿದ್ದಾಳೆ. ಅದರ ಮೇಲೆ ನಾನೇ ದಪ್ಪ ಪೆನ್ನಿನಲ್ಲಿ ಬರೆದಿದ್ದೇನೆ: ಬಿಸಿ ಜಾಗದಲ್ಲಿ ಇಡಬೇಡಿ. ಪುಟ್ಟ ಕೌಂಟರಿನ ಪಕ್ಕ ಕುರ್ಚಿ ಹಾಕಿಕೊಂಡು ಚೀಟಿ ಕಟ್ಟುತ್ತಾನೆ. ಇಸ್ತ್ರಿ ಪೆಟ್ಟಿಗೆ ಎತ್ತುವ ಹಾಗಿಲ್ಲ. ಇಸ್ತ್ರಿ ನಾನು ಮಾಡುತ್ತೇನೆ, ಅವನು ಕೂತಲ್ಲಿಂದಲೇ ತೋಳಿನ ಮಡಿಕೆ ಸರಿಯಿಲ್ಲ ಅನ್ನುತ್ತಾನೆ.

ಜೂನ್ ೧೮, ಬುಧವಾರ

ಈ ಜನರಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ. ಮೈಯೆಲ್ಲ ಉರಿಯುತ್ತಿದೆ.

ಟೈಪಿಂಗ್ ಕಲಿಸುವ ಮೇಡಂ ಬಂದಿದ್ದರು, ತಿರುವಿನಾಚೆಯ ಮನೆಯವರು. ಗಂಟು ಬಿಚ್ಚಿ ಎಣಿಸುತ್ತಿದ್ದೆ. ಒಂದು ಹಾಸುಬಟ್ಟೆಯ ಬಲ ಪಕ್ಕದಲ್ಲಿ ಕಲೆ. ಉಜ್ಜಿದ್ದಾರೆ, ಬಿಸಿನೀರಿನಲ್ಲಿ. ಕಂದು ಬಣ್ಣ. ಗಂಡ ಮಲಗುವ ಕಡೆಯದು ಅಂತ, ಇಷ್ಟು ವರ್ಷ ಅವರ ಬಟ್ಟೆ ಒಗೆದ ನನಗೆ ನೋಡಿದರೇ ಗೊತ್ತಾಗುತ್ತದೆ.

"ಮೇಡಂ, ಇದು ನಿಮ್ಮ ಯಜಮಾನರದಾ? ಎಷ್ಟು ದಿನದಿಂದ ಹೀಗೆ?" ಅಂದೆ. ಕಾದು ನಿಂತಿದ್ದವರು ಇಬ್ಬರೋ ಮೂವರೋ ಇದ್ದರು. ಇದ್ದರೇನಾಯಿತು?

ಆಕೆಯ ಮುಖ ಇದ್ದಿಲಾಯಿತು. "ನಿಮಗ್ಯಾಕಮ್ಮ ಅದೆಲ್ಲ? ಒಗೆಯೋದು ನಿಮ್ಮ ಕೆಲಸ, ಒಗೆದುಕೊಡಿ."

"ಒಗೀತೀನಿ. ಅವರನ್ನ ಡಾಕ್ಟರಿಗೆ ತೋರಿಸಿದ್ರಾ ಅಂತ ಕೇಳ್ತಿದೀನಿ."

"ಅವರಿಗೇನೂ ಆಗಿಲ್ಲ!"

ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು, ಬೇರೆ ಲಾಂಡ್ರಿ ಇಲ್ಲವೇ ಅಂತ ಗೊಣಗುತ್ತ ಹೊರಟುಹೋದರು. ಇಷ್ಟು ವರ್ಷದ ಗಿರಾಕಿ! ಒಳ್ಳೆಯದಕ್ಕೆ ಕೇಳಿದರೆ ಇಷ್ಟು ಬಿಗುಮಾನವೇ? ಎಂಥ ಕಾಲ ಬಂತಪ್ಪಾ. ಪುಟ್ಟ ಕುರ್ಚಿಯಲ್ಲಿ ಕೂತು ಹೊಲಿಗೆ ಹಾಕಿದ ಹೊಟ್ಟೆ ಒತ್ತಿ ಹಿಡಿದುಕೊಂಡು ನಗುತ್ತಿದ್ದ. "ಯಾಕೋ ನಗ್ತೀಯಾ?" ಅಂದರೆ, "ಏನಿಲ್ಲಕ್ಕ, ಆ ನರ್ಸಮ್ಮ ಇವತ್ತು ಇಲ್ಲಿರಬೇಕಿತ್ತು" ಅಂದ. ನರ್ಸಿಗೂ ಇದಕ್ಕೂ ಏನು ಸಂಬಂಧ? ಔಷಧಿ ಏರಿಸಿದಾಗಿನಿಂದ ಅವನ ತಲೆ ಸ್ವಲ್ಪ ಹಾಗೆಯೇ.

ಆತುರದಲ್ಲಿ ಆ ಹಾಸುಬಟ್ಟೆಯನ್ನು ಮಾತ್ರ ಕೌಂಟರಿನ ಮೇಲೆಯೇ ಬಿಟ್ಟುಹೋಗಿದ್ದಾರೆ. ತೊಟ್ಟಿಗೆ ಹಾಕಲು ಕೈ ಹೋಯಿತು, ಹಾಕಲಿಲ್ಲ. ಕಲೆ ಮೇಲೆ ಕಾಣುವ ಹಾಗೆ ಮಡಿಸಿ, ಕಾಗದದಲ್ಲಿ ಸುತ್ತಿ, ಮೇಲೊಂದು ಪರೀಕ್ಷೆಯ ಪೊಟ್ಟಣ ಕಟ್ಟಿದ್ದೆ. ಪೊಟ್ಟಣ ಬಿಚ್ಚಿ ತೆಗೆದೆ. ಇದಕ್ಕೆ ಕೊಳವೆ ಸಾಲದು, ಡಾಕ್ಟರೇ ಆಗಬೇಕು. ನರ್ಸಿನ ಫೋನ್ ನಂಬರು ಬರೆದು ಸಿಕ್ಕಿಸಿದ್ದೇನೆ.

ನಾಳೆ ಮೇಡಂ ಅವರ ಯಜಮಾನರು ಮನೆಯಲ್ಲಿರುವ ಹೊತ್ತು ನೋಡಿ ನಾನೇ ಒಯ್ದು ಅವರ ಕೈಗೇ ಕೊಡುತ್ತೇನೆ. ಅಪ್ಪನ ಕಾಲದಿಂದ ಈ ಅಂಗಡಿಯಿಂದ ಒಗೆಯದೆ ಹೊರಗೆ ಹೋದ ಬಟ್ಟೆ ಇಲ್ಲ. ಇದೊಂದು ಹಾಗೇ ಹೋಗಲಿ.